ಕಚೇರಿಯ ಹಂಚಿಕೆ ಫ್ಯಾಕ್ಸ್ ಸರ್ವರ್ ಮತ್ತು ಡಯಲಿಂಗ್ ಸೆಟ್ಟಿಂಗ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿಯ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಸರ್ವರ್ ಮೂಲಕ ಫ್ಯಾಕ್ಸ್ ಕಳುಹಿಸುವ ಏರ್ಪಾಡಿನಲ್ಲಿ, ತಾವು ಬರೆದ ಸಂಖ್ಯೆಯೇ ಹಾಗೆಹಾಗೇ ಟೆಲಿಫೋನ್ ತಂತಿಗೆ ಹೋಗುತ್ತದೆ ಎಂದು ಬಳಕೆದಾರರು ಭಾವಿಸುವುದು ಸಹಜ. ಆದರೆ ಆ ಸಂಖ್ಯೆ ಬಳಕೆದಾರರ ಕಂಪ್ಯೂಟರ್, ಸರ್ವರ್‌ನ ಡಯಲಿಂಗ್ ನಿಯಮ, ಮೋಡೆಮ್ (ಸರ್ವರ್ ಪರವಾಗಿ ಟೆಲಿಫೋನ್ ಲೈನಿನಲ್ಲಿ ಡಯಲ್ ಮಾಡುವ ಸಾಧನ), ಕಚೇರಿಯ ಇಪಿಎಬಿಎಕ್ಸ್ (ಒಳಗಿನ ಫೋನ್‌ಗಳನ್ನು ಹೊರಗಿನ ಲೈನ್‌ಗಳಿಗೆ ಜೋಡಿಸುವ ಕಚೇರಿಯ ಎಕ್ಸ್‌ಚೇಂಜ್), ಕೆಲವೆಡೆ ಐಪಿ ಗೇಟ್‌ವೇ (ಫೋನ್ ಕರೆಯನ್ನು ಕಂಪ್ಯೂಟರ್ ಜಾಲಕ್ಕೆ ದಾಟಿಸುವ ಸಾಧನ) ಹೀಗೆ ನಾಲ್ಕೈದು ಕೈ ದಾಟುತ್ತದೆ. ಪ್ರತಿಯೊಂದು ಕೈಯೂ ಅದಕ್ಕೆ ಅಂಕೆಗಳನ್ನು ಸೇರಿಸಬಲ್ಲದು, ಇರುವುದನ್ನು ತೆಗೆಯಬಲ್ಲದು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು, ಕೊನೆಯಲ್ಲಿ ತಂತಿಯ ಮೇಲೆ ಹೋದ ಅಂಕೆಗಳು ಯಾವುವು ಮತ್ತು ಅವನ್ನು ಸೇರಿಸಿದವರು ಯಾರು ಎಂಬುದನ್ನು ಪತ್ತೆ ಮಾಡುವ ಬಗೆಗೇ ಇವೆ.

ಫ್ಯಾಕ್ಸ್ ಹೋಗಲಿಲ್ಲ ಎಂಬ ದೂರು ಬಂದಾಗ ಮೊದಲು ಏನನ್ನು ನೋಡಬೇಕು?

ಸೆಟ್ಟಿಂಗ್‌ಗಳನ್ನಲ್ಲ, ಲಾಗ್ ಅನ್ನು, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆಯನ್ನು. ಬಳಕೆದಾರರು ಟೈಪ್ ಮಾಡಿದ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಅದರ ಕೆಳಗೆ ಸರ್ವರ್ ನಿಜವಾಗಿ ಡಯಲ್ ಮಾಡಿದ ಸಾಲನ್ನು ಬರೆದರೆ, ಎರಡರ ನಡುವಿನ ವ್ಯತ್ಯಾಸವೇ ಅರ್ಧ ಉತ್ತರ ಹೇಳುತ್ತದೆ. ಹೈಲಾಫ್ಯಾಕ್ಸ್ ಎಂಬ ಫ್ಯಾಕ್ಸ್ ಸರ್ವರ್ ತಂತ್ರಾಂಶ ಬಳಸುವವರಿಗೆ ಇದು ಸುಲಭ: ಪ್ರತಿಯೊಂದು ಕರೆಗೂ ಪ್ರತ್ಯೇಕ ಲಾಗ್ ಕಡತ ಸೃಷ್ಟಿಯಾಗುತ್ತದೆ ಮತ್ತು ಮೋಡೆಮ್‌ಗೆ ಕೊಟ್ಟ ಆದೇಶಗಳು ಅದರಲ್ಲಿ ಸಾಲುಸಾಲಾಗಿ ಇರುತ್ತವೆ. ಅಲ್ಲಿ 'ಎಟಿಡಿಟಿ' (ATDT) ಎಂದು ಆರಂಭವಾಗುವ ಸಾಲನ್ನು ಹುಡುಕಬೇಕು. ಆ ನಾಲ್ಕು ಅಕ್ಷರಗಳ ನಂತರ ಬರುವುದೇ ಮೋಡೆಮ್ ಒತ್ತಿದ ಅಂಕೆಗಳು. ವಿಂಡೋಸ್‌ನ ಫ್ಯಾಕ್ಸ್ ಸೇವೆಯಲ್ಲಿ ಹೊರಹೋಗುವ ಫ್ಯಾಕ್ಸ್‌ಗಳ ಚಟುವಟಿಕೆ ಲಾಗ್ ಅನ್ನು ಚಾಲನೆಯಲ್ಲಿಟ್ಟಿರಬೇಕು. ಇಟ್ಟಿರದಿದ್ದರೆ ಮೊದಲ ಕೆಲಸ ಅದೇ.

ಎರಡನೆಯ ಹೆಜ್ಜೆ ಇನ್ನೂ ಸರಳವಾದದ್ದು, ಆದರೂ ಬಹಳ ಮಂದಿ ಅದನ್ನು ಬಿಟ್ಟುಬಿಡುತ್ತಾರೆ. ಮೋಡೆಮ್‌ನಿಂದ ಟೆಲಿಫೋನ್ ತಂತಿಯನ್ನು ಬಿಚ್ಚಿ, ಅದೇ ತಂತಿಗೆ ಸಾಮಾನ್ಯ ಫೋನ್ ಜೋಡಿಸಿ, ಲಾಗ್‌ನಲ್ಲಿ ಕಂಡ ಅಂಕೆಗಳನ್ನು ಅದೇ ಕ್ರಮದಲ್ಲಿ ಕೈಯಿಂದ ಒತ್ತಿ ನೋಡಬೇಕು. ನಿಮ್ಮ ಮೇಜಿನ ಮೇಲಿನ ಫೋನಿನಿಂದ ಪರೀಕ್ಷಿಸಿದರೆ ಸಾಲದು. ಇಪಿಎಬಿಎಕ್ಸ್‌ನಲ್ಲಿ ಪ್ರತಿ ಎಕ್ಸ್‌ಟೆನ್ಶನ್‌ಗೂ ಬೇರೆ ಬೇರೆ ಅನುಮತಿ ಇರುತ್ತದೆ. ನಿಮ್ಮ ಎಕ್ಸ್‌ಟೆನ್ಶನ್‌ಗೆ ವಿದೇಶಿ ಕರೆಯ ಅನುಮತಿ ಇದ್ದು, ಫ್ಯಾಕ್ಸ್‌ನ ಎಕ್ಸ್‌ಟೆನ್ಶನ್‌ಗೆ ಊರಿನೊಳಗಿನ ಕರೆಯ ಅನುಮತಿ ಮಾತ್ರ ಇರಬಹುದು.

ಒಂದೇ ಸಂಖ್ಯೆಗೆ ಸಹೋದ್ಯೋಗಿಯ ಕಂಪ್ಯೂಟರ್‌ನಿಂದ ಫ್ಯಾಕ್ಸ್ ಹೋಗುತ್ತದೆ, ನನ್ನದರಿಂದ ಹೋಗುವುದಿಲ್ಲ. ಸರ್ವರ್ ಒಂದೇ ಅಲ್ಲವೇ?

ಸರ್ವರ್ ಒಂದೇ, ಆದರೆ ಅದಕ್ಕೆ ತಲುಪುವ ಸಂಖ್ಯೆ ಒಂದೇ ಆಗಿರಬೇಕಿಲ್ಲ. ಫ್ಯಾಕ್ಸ್ ಕಳುಹಿಸುವ ತಂತ್ರಾಂಶದಲ್ಲಿ ಡಯಲಿಂಗ್ ನಿಯಮವನ್ನು ಬಳಸಬೇಕೇ ಬೇಡವೇ ಎಂಬ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ನಿಯಮವನ್ನು ಬಳಸಿದರೆ ದೇಶದ ಕೋಡ್, ಏರಿಯಾ ಕೋಡ್ ಮತ್ತು ಸ್ಥಳೀಯ ಸಂಖ್ಯೆ ಪ್ರತ್ಯೇಕವಾಗಿ ಹೋಗುತ್ತವೆ; ಬಳಸದಿದ್ದರೆ ನೀವು ಬರೆದದ್ದು ಬರೆದಂತೆಯೇ ಡಯಲ್ ಆಗುತ್ತದೆ. ಒಬ್ಬರು ನಿಯಮವನ್ನು ಬಳಸುತ್ತಿದ್ದು, ಇನ್ನೊಬ್ಬರು ಹಳೆಯ ಅಭ್ಯಾಸದಂತೆ ಹೊರಲೈನಿನ ಅಂಕೆಯನ್ನೂ (ಕಚೇರಿಯಿಂದ ಹೊರಗಿನ ಲೈನ್ ಹಿಡಿಯಲು ಮೊದಲು ಒತ್ತುವ ಅಂಕೆ) ಸೇರಿಸಿ ಪೂರ್ಣ ಸಂಖ್ಯೆಯನ್ನು ಒಂದೇ ಉಸಿರಿನಲ್ಲಿ ಬರೆಯುತ್ತಿದ್ದರೆ, ಇಬ್ಬರಲ್ಲಿ ಒಬ್ಬರದು ತಪ್ಪುವುದು ಖಚಿತ.

ವಿಳಾಸ ಪುಸ್ತಕವನ್ನೂ ಪರಿಶೀಲಿಸಬೇಕು. ಬೇರೆ ಕಡತಗಳಿಂದ ನಕಲಿಸಿದ ಸಂಖ್ಯೆಗಳಲ್ಲಿ ಕಣ್ಣಿಗೆ ಕಾಣದ ಖಾಲಿ ಅಕ್ಷರಗಳು, ಉದ್ದನೆಯ ಅಡ್ಡಗೆರೆಗಳು, ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಅಕ್ಷರ ಸೇರಿಕೊಂಡಿರುವುದುಂಟು. ಕನ್ನಡದಲ್ಲಿ ಟೈಪ್ ಮಾಡುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ: ಕೀಲಿಮಣೆ ಕನ್ನಡಕ್ಕೆ ಹೊಂದಿಕೊಂಡಿರುವಾಗ ಕೆಲವು ವಿನ್ಯಾಸಗಳಲ್ಲಿ ೦, ೧, ೨ ಎಂಬ ಕನ್ನಡ ಅಂಕೆಗಳೇ ಮೂಡುತ್ತವೆ. ನಮಗೆ ಅವು ಅಂಕೆಗಳು, ಮೋಡೆಮ್‌ಗೆ ಅಲ್ಲ. ಕೆಲವು ತಂತ್ರಾಂಶಗಳು ಅವನ್ನು ಸದ್ದಿಲ್ಲದೆ ಕೈಬಿಟ್ಟು ಉಳಿದ ಅಂಕೆಗಳನ್ನಷ್ಟೇ ಡಯಲ್ ಮಾಡುತ್ತವೆ. ದೋಷದ ಸಂದೇಶ ಬಂದಿದ್ದರೆ ಕೂಡಲೇ ತಿಳಿಯುತ್ತಿತ್ತು. ಹೀಗೆ ಮೊಟಕಾದ ಸಂಖ್ಯೆ ಎಲ್ಲಿಗೋ ಹೋಗಿ ಯಾರನ್ನೋ ಎಬ್ಬಿಸುತ್ತದೆ.

ಹೊರಲೈನಿನ ಅಂಕೆಯನ್ನು ಎಲ್ಲಿ ಬರೆಯಬೇಕು?

ಒಂದೇ ಕಡೆ, ಮತ್ತು ಅದು ಸರ್ವರ್‌ನಲ್ಲೇ ಇರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಪಿಎಬಿಎಕ್ಸ್ ಇರುವ ಕಚೇರಿಗಳಲ್ಲಿ ಹೊರಗಿನ ಲೈನ್ ಹಿಡಿಯಲು 9 ಅಥವಾ 0 ಒತ್ತುವ ರೂಢಿ ಇದೆ. ಅದನ್ನು ಬಳಕೆದಾರರು ತಮ್ಮ ವಿಳಾಸ ಪುಸ್ತಕದಲ್ಲಿ ಬರೆದಿದ್ದು, ಸರ್ವರ್‌ನ ಡಯಲಿಂಗ್ ನಿಯಮವೂ ಸೇರಿಸಿ, ಮೋಡೆಮ್‌ನ ಡಯಲ್ ಆದೇಶದಲ್ಲೂ ಹಿಂದೆ ಯಾರೋ ಸೇರಿಸಿ ಮರೆತಿದ್ದರೆ, ಮೂರು ಒಂಬತ್ತುಗಳು ಸಾಲಾಗಿ ಹೋಗುತ್ತವೆ. ಮೊದಲನೆಯದು ಹೊರಲೈನನ್ನು ಹಿಡಿಯುತ್ತದೆ, ಉಳಿದೆರಡು ಸಂಖ್ಯೆಯ ಭಾಗವಾಗುತ್ತವೆ. ಬ್ರಿಟನ್ನಿನಂಥ ದೇಶದಲ್ಲಿ 999 ತುರ್ತು ಸಂಖ್ಯೆ ಎಂಬುದನ್ನು ನೆನೆದರೆ, ಇದು ಬರೀ ತಾಂತ್ರಿಕ ತೊಡಕಲ್ಲ ಎಂದು ತಿಳಿಯುತ್ತದೆ.

ಇಪಿಎಬಿಎಕ್ಸ್ ಅನ್ನು ಬದಲಿಸಿದಾಗ ಅಥವಾ ಫ್ಯಾಕ್ಸ್‌ಗೆ ನೇರ ಲೈನ್ ಕೊಟ್ಟಾಗ ಈ ಅಂಕೆ ಬೇಕಾಗುವುದೇ ಇಲ್ಲ. ಆಗ ಸರ್ವರ್‌ನಲ್ಲಿ ಒಂದು ಕಡೆ ಅಳಿಸಿದರೆ ಸಾಕು. ನಲವತ್ತು ಜನರ ವಿಳಾಸ ಪುಸ್ತಕಗಳಲ್ಲಿ ಬರೆದಿದ್ದರೆ ನಲವತ್ತು ಕಡೆ ಅಳಿಸಬೇಕು, ಮತ್ತು ಅದರಲ್ಲಿ ಮೂರ್ನಾಲ್ಕು ಕಡೆ ಉಳಿದುಹೋಗುತ್ತದೆ.

ಉತ್ತರ ಅಮೆರಿಕದ ನಮ್ಮ ಶಾಖೆಯಿಂದ ತುರ್ತು ಸೇವೆಗೆ ಕರೆ ಹೋಗಿದೆ ಎಂಬ ದೂರು ಬಂದಿದೆ. ಫ್ಯಾಕ್ಸ್ ಸರ್ವರ್ ಹಾಗೆ ಮಾಡಬಲ್ಲದೇ?

ಮಾಡಬಲ್ಲದು. ಅಲ್ಲಿ ದೂರದ ಕರೆಗೆ ಮುಂಚೆ 1 ಒತ್ತುವ ಪದ್ಧತಿ ಇದೆ, ಹೊರಲೈನಿಗೆ 9 ಒತ್ತುವ ರೂಢಿಯೂ ಇದೆ. ಬಳಕೆದಾರರು ಸಂಖ್ಯೆಯ ಮುಂದೆ 1 ಎಂದು ಬರೆದಿರುತ್ತಾರೆ, ಸರ್ವರ್ ತನ್ನ ಪಾಲಿನ 1 ಸೇರಿಸುತ್ತದೆ, ಅದರ ಮುಂದೆ 9 ಬರುತ್ತದೆ. ಒಟ್ಟಿಗೆ ಅಲ್ಲಿನ ತುರ್ತು ಸಂಖ್ಯೆಯಾದ 911 ಆಗುತ್ತದೆ. ವಿದೇಶಿ ಕರೆಯ 011 ಎಂಬ ಸಂಕೇತದಲ್ಲಿ ಮೊದಲ ಸೊನ್ನೆ ತಪ್ಪಿದರೂ ಇದೇ ಫಲ. ಅಮೆರಿಕದಲ್ಲಿ 2020ರ ಫೆಬ್ರವರಿ 16ರ ನಂತರ ಅಳವಡಿಸಿದ ಕಚೇರಿ ಎಕ್ಸ್‌ಚೇಂಜ್‌ಗಳಲ್ಲಿ ಹೊರಲೈನಿನ ಅಂಕೆ ಇಲ್ಲದೆಯೇ 911ಕ್ಕೆ ಕರೆ ಹೋಗುವಂತಿರಬೇಕು ಎಂಬ ನಿಯಮ ಇರುವುದರಿಂದ, ಎಕ್ಸ್‌ಚೇಂಜ್ ಈ ಮೂರು ಅಂಕೆಗಳನ್ನು ಕಂಡೊಡನೆ ಕರೆಯನ್ನು ಅತ್ತ ತಿರುಗಿಸುತ್ತದೆ. ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುವ ಸ್ವಭಾವದ್ದಾದ್ದರಿಂದ ಕರೆಯೂ ಮರುಕಳಿಸುತ್ತದೆ. ಆ ಫ್ಯಾಕ್ಸ್ ಅನ್ನು ಸರದಿಯಿಂದ ಮೊದಲು ತೆಗೆಯಿರಿ, ಕಾರಣವನ್ನು ಆಮೇಲೆ ಹುಡುಕಿ. ಕಚೇರಿಗೆ ಬೇರೊಂದು ಹೊರಲೈನ್ ಅಂಕೆ, ಉದಾಹರಣೆಗೆ 8, ಇಟ್ಟುಕೊಳ್ಳಲು ಸಾಧ್ಯವಿದ್ದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಸಂಖ್ಯೆಯನ್ನು ಯಾವ ರೂಪದಲ್ಲಿ ಉಳಿಸಿಕೊಂಡರೆ ಒಳ್ಳೆಯದು?

ಪ್ಲಸ್ ಚಿಹ್ನೆ, ದೇಶದ ಕೋಡ್, ಏರಿಯಾ ಕೋಡ್, ಸ್ಥಳೀಯ ಸಂಖ್ಯೆ, ಈ ಕ್ರಮದಲ್ಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಎಂಬ ಶಿಫಾರಸು ಹೇಳುವುದೂ ಇದನ್ನೇ. ಅದರ ಪ್ರಕಾರ ದೇಶದ ಕೋಡ್ ಸೇರಿ ಒಟ್ಟು ಅಂಕೆಗಳು 15ನ್ನು ಮೀರುವಂತಿಲ್ಲ. ಪ್ಲಸ್ ಚಿಹ್ನೆಯನ್ನು ಮೋಡೆಮ್ ಒತ್ತುವುದಿಲ್ಲ. 'ಇಲ್ಲಿಂದ ಮುಂದೆ ಪೂರ್ಣ ಸಂಖ್ಯೆ ಇದೆ, ಬೇಕಾದ ಮುಂಭಾಗವನ್ನು ನೀನೇ ಸೇರಿಸಿಕೋ' ಎಂದು ಸರ್ವರ್‌ಗೆ ಹೇಳುವ ಗುರುತು ಅದು.

ಉದಾಹರಣೆಗೆ, ಬ್ರಿಟನ್ನಿನಲ್ಲಿ ನಾಟಕ, ಸಿನಿಮಾಗಳ ಬಳಕೆಗೆಂದೇ ಮೀಸಲಿಟ್ಟಿರುವ ಲಂಡನ್ ಸಂಖ್ಯೆಗಳಲ್ಲಿ ಒಂದನ್ನು ತೆಗೆದುಕೊಳ್ಳೋಣ: +44 20 7946 0018. ಲಂಡನ್ನಿನ ಒಳಗೇ ಇರುವ ಸರ್ವರ್ ಇದನ್ನು 7946 0018 ಎಂದು, ಬ್ರಿಟನ್ನಿನ ಬೇರೆ ಊರಿನ ಸರ್ವರ್ 020 7946 0018 ಎಂದು, ಅಮೆರಿಕದ ಸರ್ವರ್ 011 44 20 7946 0018 ಎಂದು, ಯುರೋಪಿನ ಬಹುಪಾಲು ದೇಶಗಳ ಸರ್ವರ್ 00 44 20 7946 0018 ಎಂದು ಡಯಲ್ ಮಾಡಬೇಕು. ಜಪಾನಿನಲ್ಲಿ ವಿದೇಶಿ ಕರೆಯ ಸಂಕೇತ 010, ಆಸ್ಟ್ರೇಲಿಯಾದಲ್ಲಿ 0011. ವಿಳಾಸ ಪುಸ್ತಕದಲ್ಲಿ ಒಂದೇ ರೂಪ ಇದ್ದರೂ ಸರ್ವರ್ ತಾನಿರುವ ಜಾಗವನ್ನು ನೋಡಿ ಉಳಿದದ್ದನ್ನು ತೀರ್ಮಾನಿಸಬಲ್ಲದು.

ಇಲ್ಲಿ ಆಗಾಗ ಆಗುವ ತಪ್ಪು ಸೊನ್ನೆಯದು. ದೇಶದೊಳಗೆ ಕರೆ ಮಾಡುವಾಗ ಏರಿಯಾ ಕೋಡ್‌ನ ಮುಂದೆ ಬರುವ ಸೊನ್ನೆ ಬಹುಪಾಲು ದೇಶಗಳಲ್ಲಿ ಕೋಡ್‌ನ ಭಾಗವಲ್ಲ, ಆದ್ದರಿಂದ ದೇಶದ ಕೋಡ್ ಬಂದಾಗ ಅದನ್ನು ಬಿಡಬೇಕು. +44 020 ಎಂದು ಬರೆದರೆ ಕರೆ ಹೋಗುವುದಿಲ್ಲ. ಆದರೆ ಈ ಸೂತ್ರವನ್ನು ಕುರುಡಾಗಿ ಎಲ್ಲ ಕಡೆ ಹಚ್ಚುವಂತೆಯೂ ಇಲ್ಲ: ಇಟಲಿಯ ಸ್ಥಿರ ದೂರವಾಣಿಗಳಲ್ಲಿ ಆ ಸೊನ್ನೆ ಸಂಖ್ಯೆಯದೇ ಭಾಗ, +39ರ ನಂತರವೂ ಅದು ಇರಲೇಬೇಕು. ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕುವ ನಿಯಮ ಬರೆದ ಉತ್ಸಾಹಿಗಳು ರೋಮ್ ಮತ್ತು ಮಿಲಾನ್‌ನ ಫ್ಯಾಕ್ಸ್‌ಗಳನ್ನು ಕಳೆದುಕೊಂಡ ಮೇಲೆಯೇ ಇದನ್ನು ಕಲಿಯುವುದು.

ನಮ್ಮದೇ ಊರಿನ ಸಂಖ್ಯೆಗೆ ಸರ್ವರ್ ದೂರದ ಕರೆಯಂತೆ ಡಯಲ್ ಮಾಡುತ್ತಿದೆ. ಯಾಕೆ?

ಸರ್ವರ್‌ನಲ್ಲಿ ನಮೂದಾಗಿರುವ 'ಸ್ಥಳ' ತಪ್ಪಾಗಿದೆ. ವಿಂಡೋಸ್‌ನಲ್ಲಿ ಇದು ಕಂಟ್ರೋಲ್ ಪ್ಯಾನೆಲ್‌ನ ಫೋನ್ ಮತ್ತು ಮೋಡೆಮ್ ವಿಭಾಗದಲ್ಲಿರುತ್ತದೆ. ಹೈಲಾಫ್ಯಾಕ್ಸ್‌ನಲ್ಲಿ ದೇಶದ ಕೋಡ್, ಏರಿಯಾ ಕೋಡ್, ದೂರದ ಕರೆಯ ಮುಂಭಾಗ, ವಿದೇಶಿ ಕರೆಯ ಮುಂಭಾಗ ಎಂಬ ನಾಲ್ಕು ಸಾಲುಗಳು ಪ್ರತಿ ಮೋಡೆಮ್‌ನ ಸಂರಚನಾ ಕಡತದಲ್ಲಿರುತ್ತವೆ. ಕಚೇರಿ ಬೇರೆ ಊರಿಗೆ ಸ್ಥಳಾಂತರಗೊಂಡಾಗ ಸರ್ವರ್ ಯಂತ್ರವನ್ನು ಎತ್ತಿಕೊಂಡು ಹೋಗುತ್ತಾರೆ, ಈ ನಮೂದುಗಳನ್ನು ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ.

'ಡಯಲ್ ಟೋನ್ ಇಲ್ಲ' ಎಂದು ಬರುತ್ತದೆ. ಫೋನ್ ಜೋಡಿಸಿದರೆ ಡಯಲ್ ಟೋನ್ ಚೆನ್ನಾಗಿಯೇ ಕೇಳುತ್ತದೆ.

ನಿಮ್ಮ ಕಿವಿ ಗುರುತಿಸುವುದನ್ನು ಮೋಡೆಮ್ ಗುರುತಿಸದಿರಬಹುದು. ಮೋಡೆಮ್ ತಯಾರಕರು ಸಾರ್ವಜನಿಕ ದೂರವಾಣಿ ಜಾಲದ ಟೋನನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಇಪಿಎಬಿಎಕ್ಸ್‌ಗಳ ಒಳಟೋನ್ ಬೇರೆ ಲಯದ್ದು, ಬೇರೆ ಸ್ವರದ್ದು ಆಗಿರುವುದು ಸಾಮಾನ್ಯ. ಲೈನಿಗೆ ವಾಯ್ಸ್‌ಮೇಲ್ ಸೌಲಭ್ಯವಿದ್ದು ಕೇಳದ ಸಂದೇಶ ಕಾದಿದ್ದರೆ ಡಯಲ್ ಟೋನ್ ತುಂಡುತುಂಡಾಗಿ ಬರುತ್ತದೆ, ಅದನ್ನೂ ಮೋಡೆಮ್ ಒಪ್ಪದೇ ಹೋಗಬಹುದು. 'ನಿನ್ನೆಯವರೆಗೆ ಸರಿಯಿತ್ತು, ಇಂದು ಬೆಳಿಗ್ಗೆಯಿಂದ ಇಲ್ಲ' ಎನ್ನುವ ದೂರುಗಳಲ್ಲಿ ಇದನ್ನು ತಪ್ಪದೆ ಪರೀಕ್ಷಿಸಿ. ಫ್ಯಾಕ್ಸ್ ಲೈನಿಗೆ ವಾಯ್ಸ್‌ಮೇಲ್ ಬೇಕಿಲ್ಲ, ತೆಗೆಸಿಬಿಡಿ.

ಟೋನನ್ನು ಬದಲಿಸಲಾಗದಿದ್ದರೆ, ಅದಕ್ಕಾಗಿ ಕಾಯಬೇಡ ಎಂದು ಮೋಡೆಮ್‌ಗೆ ಹೇಳಬಹುದು. ಹೇಸ್ ಮಾದರಿಯ, ಅಂದರೆ ಎಟಿ (AT) ಎಂದು ಆರಂಭವಾಗುವ ಮೋಡೆಮ್ ಆದೇಶಗಳಲ್ಲಿ ಎಟಿಎಕ್ಸ್4 (ATX4) ಎಂದರೆ ಡಯಲ್ ಟೋನ್ ಮತ್ತು ಎಂಗೇಜ್ ಟೋನ್ ಎರಡನ್ನೂ ಗಮನಿಸು ಎಂದು. ಎಟಿಎಕ್ಸ್3 ಎಂದರೆ ಡಯಲ್ ಟೋನಿಗೆ ಕಾಯದೆ ಡಯಲ್ ಮಾಡು, ಎಂಗೇಜ್ ಟೋನನ್ನು ಮಾತ್ರ ಗಮನಿಸು ಎಂದು. ಮೋಡೆಮ್‌ನ ಆರಂಭಿಕ ಆದೇಶದಲ್ಲಿ ಇದನ್ನು ಸೇರಿಸಿದರೆ ಸಾಮಾನ್ಯವಾಗಿ ಸಮಸ್ಯೆ ಮುಗಿಯುತ್ತದೆ. ಎಟಿಎಕ್ಸ್0 ಬಳಸಬೇಡಿ: ಎಂಗೇಜ್ ಟೋನೂ ಅದಕ್ಕೆ ತಿಳಿಯದೆ, ಪ್ರತಿ ಕರೆಯೂ ಅವಧಿ ಮುಗಿಯುವವರೆಗೆ ಲೈನನ್ನು ಹಿಡಿದು ಕೂರುತ್ತದೆ. ಎಟಿಎಕ್ಸ್3ಕ್ಕೂ ಒಂದು ಬೆಲೆ ಇದೆ: ತಂತಿ ನಿಜವಾಗಿಯೇ ಕಿತ್ತುಹೋದ ದಿನ ಮೋಡೆಮ್ ಅದನ್ನು ತಿಳಿಯದೆ ಗಾಳಿಗೆ ಡಯಲ್ ಮಾಡುತ್ತಿರುತ್ತದೆ, ಲಾಗ್‌ನಲ್ಲಿ 'ಉತ್ತರವಿಲ್ಲ' ಎಂದಷ್ಟೇ ಕಾಣುತ್ತದೆ.

ಸಂಖ್ಯೆಯ ನಡುವೆ ಅಲ್ಪವಿರಾಮ ಹಾಕಬೇಕು ಎನ್ನುತ್ತಾರೆ. ಎಷ್ಟು ಹಾಕಬೇಕು?

ಡಯಲ್ ಆದೇಶದಲ್ಲಿ ಅಲ್ಪವಿರಾಮ ಎಂದರೆ ನಿಲುಗಡೆ. ಅದರ ಅವಧಿಯನ್ನು ಮೋಡೆಮ್‌ನ ಎಸ್8 ಎಂಬ ರಿಜಿಸ್ಟರ್ (ಮೋಡೆಮ್ ತನ್ನ ಒಂದು ಸೆಟ್ಟಿಂಗ್‌ನ ಬೆಲೆಯನ್ನು ಇಟ್ಟುಕೊಳ್ಳುವ ಜಾಗ) ನಿರ್ಧರಿಸುತ್ತದೆ. ಬದಲಿಸದಿದ್ದರೆ ಸಾಮಾನ್ಯವಾಗಿ 2 ಸೆಕೆಂಡು. ಹೊರಲೈನಿನ ಅಂಕೆಯನ್ನು ಒತ್ತಿದ ಮೇಲೆ ಇಪಿಎಬಿಎಕ್ಸ್ ಲೈನ್ ಹಿಡಿದು ಎರಡನೆಯ ಡಯಲ್ ಟೋನ್ ಕೊಡಲು ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆಗೆದುಕೊಳ್ಳುತ್ತದೆ. ಮನುಷ್ಯರು ತಾವೇ ತಡೆದು ಒತ್ತುತ್ತಾರೆ, ಮೋಡೆಮ್ ತಡೆಯುವುದಿಲ್ಲ. ಆ ಸಂದಿಯಲ್ಲಿ ಒತ್ತಿದ ಅಂಕೆಗಳು ನುಂಗಿಹೋಗುತ್ತವೆ. ಲಾಗ್‌ನಲ್ಲಿ ಸಂಖ್ಯೆ ಸರಿಯಾಗಿಯೇ ಕಂಡು, 'ಈ ಸಂಖ್ಯೆ ಬಳಕೆಯಲ್ಲಿಲ್ಲ' ಎಂಬ ಧ್ವನಿ ಕೇಳಿಬರುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಹೊರಲೈನಿನ ಅಂಕೆಯ ನಂತರ ಒಂದು ಅಲ್ಪವಿರಾಮದಿಂದ ಆರಂಭಿಸಿ, ಸಾಲದಿದ್ದರೆ ಇನ್ನೊಂದನ್ನು ಸೇರಿಸಿ. ನಾಲ್ಕೈದು ಸೇರಿಸುವ ಪರಿಸ್ಥಿತಿ ಬಂದರೆ ಕಾರಣ ಬೇರೆಲ್ಲೋ ಇದೆ. ಅಷ್ಟು ಹೊತ್ತು ಅಂಕೆ ಬರದಿದ್ದರೆ ಇಪಿಎಬಿಎಕ್ಸ್ ಲೈನನ್ನೇ ಕಿತ್ತುಕೊಳ್ಳಬಹುದು. ಎರಡನೆಯ ಡಯಲ್ ಟೋನ್ ಸ್ಪಷ್ಟವಾಗಿ ಬರುವ ವ್ಯವಸ್ಥೆಗಳಲ್ಲಿ ಅಲ್ಪವಿರಾಮದ ಬದಲು ಇಂಗ್ಲಿಷಿನ ಡಬ್ಲ್ಯೂ ಅಕ್ಷರ ಬಳಸುವುದು ಲೇಸು: ಟೋನ್ ಕೇಳುವವರೆಗೂ ಮೋಡೆಮ್ ಕಾಯುತ್ತದೆ, ಕೇಳಿದ ಕೂಡಲೇ ಮುಂದುವರಿಯುತ್ತದೆ. ಮೋಡೆಮ್‌ನ ಸ್ಪೀಕರ್ ಅನ್ನು ಎಟಿಎಂ1 ಆದೇಶದಿಂದ ಚಾಲನೆಗೊಳಿಸಿ ಒಂದೆರಡು ಕರೆಗಳನ್ನು ಕೇಳಿದರೆ, ಅಂಕೆಗಳು ಟೋನಿನ ಮೊದಲು ಬಿದ್ದವೋ ನಂತರ ಬಿದ್ದವೋ ಎಂಬುದು ಕಿವಿಗೇ ತಿಳಿಯುತ್ತದೆ.

ಟೋನ್ ಡಯಲಿಂಗ್ ಬೇಕೋ, ಪಲ್ಸ್ ಡಯಲಿಂಗ್ ಬೇಕೋ?

ಟೋನ್, ಅಂದರೆ ಪ್ರತಿ ಅಂಕೆಯನ್ನೂ ಸ್ವರವಾಗಿ ಕಳುಹಿಸುವುದು. ಅಂಕೆಗಳನ್ನು ವಿದ್ಯುತ್ ಮಿಡಿತಗಳಾಗಿ ಕಳುಹಿಸುವ ಪಲ್ಸ್ ಡಯಲಿಂಗ್ ಅಗತ್ಯವಿರುವ ಲೈನ್ ಈಗ ಅಪರೂಪ. ಟೋನ್ ಇದ್ದೂ ಅಂಕೆಗಳು ತಪ್ಪುತ್ತಿದ್ದರೆ, ಹಲವು ಮೋಡೆಮ್‌ಗಳಲ್ಲಿರುವ ಎಸ್11 ರಿಜಿಸ್ಟರ್‌ನ ಬೆಲೆಯನ್ನು ಹೆಚ್ಚಿಸಿ ಪ್ರತಿ ಅಂಕೆಯ ಟೋನನ್ನು ತುಸು ಉದ್ದ ಮಾಡಿ ನೋಡಿ.

ನಮ್ಮ ಸರ್ವರ್‌ನಲ್ಲಿ ನಾಲ್ಕು ಲೈನ್‌ಗಳಿವೆ. ಒಂದೇ ಸಂಖ್ಯೆ ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಹೋಗುವುದಿಲ್ಲ.

'ಕೆಲವೊಮ್ಮೆ' ಎಂಬ ಮಾತನ್ನು ಕೇಳಿದಾಗಲೆಲ್ಲ ಲಾಗ್‌ನಲ್ಲಿ ಲೈನಿನ ಹೆಸರನ್ನು ನೋಡಬೇಕು. ಸೋತ ಕರೆಗಳೆಲ್ಲ ಒಂದೇ ಲೈನಿನವಾಗಿದ್ದರೆ ಸಮಸ್ಯೆ ಯಾದೃಚ್ಛಿಕವಲ್ಲ: ಆ ಒಂದು ಮೋಡೆಮ್‌ನ ಸಂರಚನೆ ಉಳಿದವುಗಳಿಗಿಂತ ಬೇರೆ ಇದೆ, ಅಥವಾ ಅದು ಜೋಡಣೆಯಾಗಿರುವ ಎಕ್ಸ್‌ಟೆನ್ಶನ್‌ಗೆ ದೂರದ ಕರೆಯ ಅನುಮತಿ ಇಲ್ಲ. ಇಂಥದ್ದೊಂದು ಪ್ರಕರಣದಲ್ಲಿ ಮೂರು ಲೈನ್‌ಗಳು ಇಪಿಎಬಿಎಕ್ಸ್ ಮೂಲಕವೂ ನಾಲ್ಕನೆಯದು ನೇರವಾಗಿಯೂ ಇದ್ದವು. ನೇರ ಲೈನಿಗೂ ಸರ್ವರ್ 9ನ್ನು ಸೇರಿಸುತ್ತಿತ್ತು. ನಾಲ್ಕರಲ್ಲಿ ಒಂದು ಫ್ಯಾಕ್ಸ್ ಸೋಲುತ್ತಿದ್ದುದನ್ನು ಎಲ್ಲರೂ 'ಲೈನಿನ ಗದ್ದಲ' ಎಂದು ಬಹಳ ದಿನ ನಂಬಿದ್ದರು.

ನೇರ ಲೈನ್ ಮತ್ತು ಇಪಿಎಬಿಎಕ್ಸ್ ಲೈನ್‌ಗಳನ್ನು ಒಂದೇ ಗುಂಪಿನಲ್ಲಿ ಬೆರೆಸಬಾರದು. ವಿಂಡೋಸ್ ಫ್ಯಾಕ್ಸ್ ಸರ್ವರ್‌ನಲ್ಲಿ ಹೊರಹೋಗುವ ಸಾಧನಗಳ ಗುಂಪುಗಳನ್ನು ಮಾಡಿ, ದೇಶದ ಕೋಡ್ ಮತ್ತು ಏರಿಯಾ ಕೋಡ್‌ಗೆ ಅನುಗುಣವಾಗಿ ಯಾವ ಕರೆ ಯಾವ ಗುಂಪಿನಿಂದ ಹೋಗಬೇಕೆಂಬ ನಿಯಮ ಬರೆಯಬಹುದು. ದೇಶದ ಕೋಡ್ ಯಾವುದೆಂದು ತಿಳಿದರೆ ಮಾತ್ರ ಇಂಥ ನಿಯಮ ಅನ್ವಯವಾಗುತ್ತದೆ. ಸಂಖ್ಯೆಗಳನ್ನು ಪ್ಲಸ್ ಚಿಹ್ನೆಯ ಪೂರ್ಣ ರೂಪದಲ್ಲಿ ಇಡಿ ಎಂದು ಮೇಲೆ ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಐಪಿ ಫೋನ್ ವ್ಯವಸ್ಥೆಗೆ ಬದಲಾದ ಮೇಲೆ ಫ್ಯಾಕ್ಸ್‌ಗಳು ಹೋಗುತ್ತಿಲ್ಲ. ಡಯಲಿಂಗ್ ಸೆಟ್ಟಿಂಗ್ ಬದಲಿಸಬೇಕೇ?

ಬದಲಿಸಬೇಕಾಗಬಹುದು, ಆದರೆ ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದೆಂದು ಎಣಿಸಬಾರದು. ಕರೆ ಸರಿಯಾದ ಸಂಖ್ಯೆಗೆ ಹೋಗುತ್ತಿದೆಯೇ ಎಂಬುದು ಮೊದಲನೆಯದು. ಗೇಟ್‌ವೇಗೆ ತನ್ನದೇ ಡಯಲ್ ಪ್ಲಾನ್ ಇರುತ್ತದೆ: ಅಂಕೆಗಳು ಯಾವ ಮಾದರಿಗೆ ಹೊಂದುತ್ತವೆ ಎಂದು ನೋಡುತ್ತ, ಹೊಂದಿದೊಡನೆ ಕರೆಯನ್ನು ಮುಂದಕ್ಕೆ ಕಳುಹಿಸುತ್ತದೆ. ಅಲ್ಲಿ ಚಿಕ್ಕ ಸಂಖ್ಯೆಯ ಮಾದರಿಯೊಂದು ಇದ್ದರೆ, ಉದ್ದದ ಸಂಖ್ಯೆಯ ಮೊದಲ ಕೆಲವು ಅಂಕೆಗಳಿಗೇ ಅದು ತೃಪ್ತಿಪಟ್ಟು ಕರೆಯನ್ನು ಹೊರಡಿಸಿಬಿಡುತ್ತದೆ. ಅಂಕೆಗಳ ನಡುವೆ ಅಲ್ಪವಿರಾಮದ ನಿಲುಗಡೆ ಇದ್ದರೂ 'ಸಂಖ್ಯೆ ಮುಗಿಯಿತು' ಎಂದು ಗೇಟ್‌ವೇ ತೀರ್ಮಾನಿಸಬಹುದು. ಹಳೆಯ ಇಪಿಎಬಿಎಕ್ಸ್ ಕಾಲದಲ್ಲಿ ಔಷಧಿಯಾಗಿದ್ದ ಅಲ್ಪವಿರಾಮ ಇಲ್ಲಿ ರೋಗವಾಗುತ್ತದೆ. ಹೊರಲೈನಿನ ಅಂಕೆ ಮತ್ತು ಅಲ್ಪವಿರಾಮ ಎರಡನ್ನೂ ತೆಗೆದು ನೋಡಿ.

ಕರೆ ತಲುಪಿದ ಮೇಲೆ ಫ್ಯಾಕ್ಸ್ ಕೆಡುತ್ತಿದ್ದರೆ ಅದು ಎರಡನೆಯ ಸಮಸ್ಯೆ, ಡಯಲಿಂಗ್‌ಗೆ ಸಂಬಂಧಿಸಿದ್ದಲ್ಲ. ಐಪಿ ಜಾಲದಲ್ಲಿ ಧ್ವನಿಯನ್ನು ಅಂಕೀಯ ರೂಪಕ್ಕೆ ತರುವ ವಿಧಾನಗಳಿಗೆ ಕೊಡೆಕ್ ಎನ್ನುತ್ತಾರೆ. ಜಿ.729ನಂತಹ ಸಂಕೋಚಿತ ಕೊಡೆಕ್‌ಗಳನ್ನು ಮಾತಿಗಾಗಿ ರೂಪಿಸಲಾಗಿದೆ; ಫ್ಯಾಕ್ಸ್‌ನ ಸ್ವರಗಳು ಅವುಗಳ ಮೂಲಕ ಸುರಕ್ಷಿತವಾಗಿ ಹಾಯುವುದಿಲ್ಲ. ಐಪಿ ಜಾಲದಲ್ಲಿ ಫ್ಯಾಕ್ಸ್ ಸಾಗಿಸಲೆಂದೇ ಇರುವ ಟಿ.38 ವಿಧಾನ ಬಳಸಿ, ಇಲ್ಲವೇ ಜಿ.711 ಕೊಡೆಕ್ ಅನ್ನು ಮೌನ ಕತ್ತರಿಸುವ ಸೌಲಭ್ಯವಿಲ್ಲದೆ ಬಳಸಿ.

ಎತ್ತಿದವರು ಮನುಷ್ಯರು, ಅವರಿಗೆ ಕೇಳಿದ್ದು ಬರೀ 'ಪೀಪ್' ಸದ್ದು ಎಂಬ ದೂರು ಬಂದಿದೆ.

ನಿಮ್ಮ ಸರ್ವರ್ ತಪ್ಪು ಸಂಖ್ಯೆಗೆ ಕರೆ ಮಾಡುತ್ತಿದೆ. ಕರೆ ಮಾಡಿದ ಫ್ಯಾಕ್ಸ್ ತಾನು ಫ್ಯಾಕ್ಸ್ ಎಂದು ಹೇಳಿಕೊಳ್ಳಲು 1100 ಹರ್ಟ್ಸ್‌ನ ಟೋನನ್ನು ಅರ್ಧ ಸೆಕೆಂಡು ಹೊರಡಿಸಿ, 3 ಸೆಕೆಂಡು ಸುಮ್ಮನಿದ್ದು, ಮತ್ತೆ ಹೊರಡಿಸುತ್ತದೆ. ಅವರು ಕೇಳಿದ್ದು ಅದನ್ನೇ. ಉತ್ತರಿಸುವ ಯಂತ್ರ 2100 ಹರ್ಟ್ಸ್‌ನ ಟೋನಿನಿಂದ ಪ್ರತಿಕ್ರಿಯಿಸಬೇಕಿತ್ತು. ಮನುಷ್ಯರು 'ಹಲೋ' ಎನ್ನುತ್ತಾರೆ, ಸರ್ವರ್ ಸೋಲನ್ನು ದಾಖಲಿಸಿ ಕೆಲವು ನಿಮಿಷಗಳ ನಂತರ ಮತ್ತೆ ಕರೆ ಮಾಡುತ್ತದೆ. ಕರೆ ದರ ಕಡಿಮೆ ಇರುವ ಹೊತ್ತಿಗೆ ಕಳುಹಿಸು ಎಂದು ನಿಗದಿಪಡಿಸಿದ್ದರೆ ಇದೆಲ್ಲ ನಡೆಯುವುದು ನಡುರಾತ್ರಿಯಲ್ಲಿ. ಸರದಿಯಿಂದ ಆ ಫ್ಯಾಕ್ಸ್ ತೆಗೆಯಿರಿ, ಎಲ್ಲರ ವಿಳಾಸ ಪುಸ್ತಕಗಳಲ್ಲಿ ಆ ಸಂಖ್ಯೆಯನ್ನು ಹುಡುಕಿ ತಿದ್ದಿಸಿ, ಮತ್ತು ತೊಂದರೆಗೊಳಗಾದವರಿಗೆ ಕ್ಷಮೆ ಕೇಳಿ.

ಎಂಗೇಜ್ ಬಂದಾಗ ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಮತ್ತೆ ಪ್ರಯತ್ನಿಸಬೇಕು?

ಎಂಗೇಜ್ ಇದ್ದ ಲೈನ್ ಬಿಡುವಾಗಲು ಒಂದು ಫ್ಯಾಕ್ಸ್ ಮುಗಿಯುವಷ್ಟು ಹೊತ್ತು ಬೇಕು. ಐದರಿಂದ ಹತ್ತು ನಿಮಿಷದ ಅಂತರ, ಮೂರ್ನಾಲ್ಕು ಪ್ರಯತ್ನ ಸಾಕಾಗುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಪ್ರಯತ್ನಿಸಿದರೆ ನಿಮ್ಮದೇ ಸಹೋದ್ಯೋಗಿಗಳ ಫ್ಯಾಕ್ಸ್‌ಗಳಿಗೆ ಲೈನ್ ಸಿಗುವುದಿಲ್ಲ. ಸ್ವಯಂ ಮರುಡಯಲ್‌ಗೆ ಮಿತಿ ಹೇರುವ ನಿಯಮಗಳು ಕೆಲವು ದೇಶಗಳಲ್ಲಿವೆ; ಮೋಡೆಮ್‌ನಲ್ಲಿ ದೇಶದ ಆಯ್ಕೆಯನ್ನು ಮಾಡಿದಾಗ ಆ ಮಿತಿ ತಾನಾಗಿ ಜಾರಿಗೆ ಬರುವುದರಿಂದ, 'ಮೋಡೆಮ್ ಇದ್ದಕ್ಕಿದ್ದಂತೆ ಡಯಲ್ ಮಾಡಲು ನಿರಾಕರಿಸುತ್ತಿದೆ' ಎಂದು ಕಂಡರೆ ಅದನ್ನೂ ನೋಡಿ.

ವಿದೇಶದ ಸಂಖ್ಯೆಗಳಿಗೆ ಮಾತ್ರ 'ಉತ್ತರವಿಲ್ಲ' ಎಂದು ಬರುತ್ತದೆ.

ಕರೆ ಜೋಡಣೆಯಾಗುವ ಮೊದಲೇ ಮೋಡೆಮ್ ಕೈಬಿಡುತ್ತಿರಬಹುದು. ಎಸ್7 ರಿಜಿಸ್ಟರ್‌ನಲ್ಲಿ ಕಾಯುವ ಸೆಕೆಂಡುಗಳು ಇರುತ್ತವೆ, ಮತ್ತು ಆ ಲೆಕ್ಕದಲ್ಲಿ ಅಲ್ಪವಿರಾಮದ ನಿಲುಗಡೆಗಳೂ ಕೆಲವು ಮೋಡೆಮ್‌ಗಳಲ್ಲಿ ಸೇರುತ್ತವೆ. 90ಕ್ಕೆ ಏರಿಸಿ ನೋಡಿ.

ಕರೆ ಮಾಡಲು ರಹಸ್ಯ ಸಂಖ್ಯೆ ಒತ್ತಬೇಕಾದ ವ್ಯವಸ್ಥೆ ನಮ್ಮದು. ಅದನ್ನು ಡಯಲಿಂಗ್ ನಿಯಮದಲ್ಲಿ ಬರೆಯಬಹುದೇ?

ಬರೆಯಬಹುದು, ಆದರೆ ಅದು ಲಾಗ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಅದರ ಬದಲು ಫ್ಯಾಕ್ಸ್‌ನ ಎಕ್ಸ್‌ಟೆನ್ಶನ್‌ಗೆ ಮಾತ್ರ ರಹಸ್ಯ ಸಂಖ್ಯೆಯಿಂದ ವಿನಾಯಿತಿ ಕೊಡುವಂತೆ ಇಪಿಎಬಿಎಕ್ಸ್ ನೋಡಿಕೊಳ್ಳುವವರನ್ನು ಕೇಳಿ.

ಸೆಟ್ಟಿಂಗ್ ಬದಲಿಸಿದೆ, ಆದರೂ ಹಳೆಯ ಅಂಕೆಗಳೇ ಡಯಲ್ ಆಗುತ್ತಿವೆ.

ಮೂರು ಸಾಧ್ಯತೆಗಳಿವೆ. ಬದಲಾವಣೆ ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಆಗಿರಬಹುದು, ಸರ್ವರ್‌ನಲ್ಲಿ ಅಲ್ಲ. ಎರಡರ ಪರದೆಗಳೂ ಒಂದೇ ರೀತಿ ಇರುವುದರಿಂದ ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ಫ್ಯಾಕ್ಸ್ ಸೇವೆಯನ್ನು ಮರುಪ್ರಾರಂಭಿಸದೆ ಹೊಸ ನಿಯಮ ಓದಿಕೊಳ್ಳದಿರಬಹುದು. ಅಥವಾ ಸರದಿಯಲ್ಲಿ ಮೊದಲೇ ನಿಂತಿದ್ದ ಫ್ಯಾಕ್ಸ್‌ಗಳು ತಮ್ಮ ಹಳೆಯ ಸಂಖ್ಯೆಯನ್ನೇ ಹೊತ್ತುಕೊಂಡಿರಬಹುದು. ಅವನ್ನು ಅಳಿಸಿ ಹೊಸದಾಗಿ ಕಳುಹಿಸಬೇಕು. ಪರೀಕ್ಷೆಗೆ ಯಾವಾಗಲೂ ಒಂದು ಹೊಸ, ಒಂದೇ ಪುಟದ ಫ್ಯಾಕ್ಸ್ ಬಳಸಿ, ಮತ್ತು ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ.

ಸರ್ವರ್ ನೋಡಿಕೊಳ್ಳುವವರಿಗೆ ದೂರು ಬರೆಯುವಾಗ ಏನೇನು ತಿಳಿಸಬೇಕು?

ನೀವು ಟೈಪ್ ಮಾಡಿದ ಸಂಖ್ಯೆ, ಅಕ್ಷರ ಅಕ್ಷರ ಹಾಗೆಯೇ. ಖಾಲಿ ಜಾಗ ಮತ್ತು ಚಿಹ್ನೆಗಳನ್ನೂ ಬಿಡದೆ. ಕಳುಹಿಸಿದ ಹೊತ್ತು ನಿಮಿಷದವರೆಗೆ. ಪರದೆಯ ಮೇಲೆ ಬಂದ ಸಂದೇಶದ ಪೂರ್ಣ ಪಠ್ಯ. ಅದೇ ಸಂಖ್ಯೆಗೆ ಹಿಂದೆ ಎಂದಾದರೂ ಫ್ಯಾಕ್ಸ್ ಹೋಗಿದ್ದರೆ ಆ ದಿನಾಂಕ, ಏಕೆಂದರೆ ಆ ದಿನದ ಲಾಗ್‌ನ ಡಯಲ್ ಸಾಲನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚಾದ ಅಥವಾ ಕಡಿಮೆಯಾದ ಅಂಕೆ ಅಲ್ಲಿಯೇ ಕಾಣುತ್ತದೆ.